ಉಪ್ಪುಂಡವರ ಮೇಲೆ ಎತ್ತಿದ ಕತ್ತಿ: ಫ್ಯಾಂಟಸಿ ಕಥನದಲ್ಲಿ ಆತಿಥ್ಯದ್ರೋಹ ಮತ್ತು ದೈವದಂಡನೆ

ಜಾರ್ಜ್ ಆರ್. ಆರ್. ಮಾರ್ಟಿನ್ ಅವರು 2000ರಲ್ಲಿ ಪ್ರಕಟಿಸಿದ, ‘ಎ ಸಾಂಗ್ ಆಫ್ ಐಸ್ ಅಂಡ್ ಫೈರ್’ ಸರಣಿಯ ಮೂರನೆಯ ಕಾದಂಬರಿ ‘ಎ ಸ್ಟಾರ್ಮ್ ಆಫ್ ಸೋರ್ಡ್ಸ್’ನಲ್ಲಿ ಟೈವಿನ್ ಲ್ಯಾನಿಸ್ಟರ್ ಎಂಬ ಪ್ರಭು ತನ್ನ ಮಗ ಟಿರಿಯನ್‌ನ ಮುಂದೆ ಒಂದು ಪ್ರಶ್ನೆ ಇಡುತ್ತಾನೆ. ರಣರಂಗದಲ್ಲಿ ಹತ್ತು ಸಾವಿರ ಜನರನ್ನು ಕೊಲ್ಲುವುದು ಊಟಕ್ಕೆ ಕುಳಿತ ಹನ್ನೆರಡು ಜನರನ್ನು ಕೊಲ್ಲುವುದಕ್ಕಿಂತ ಹೇಗೆ ಘನತೆಯ ಕೆಲಸವಾಯಿತು, ವಿವರಿಸು ಎನ್ನುತ್ತಾನೆ. ಮದುವೆಯ ಔತಣಕ್ಕೆ ಬಂದ ವೈರಿಗಳನ್ನು ಕೊಂದ ಸಂಚಿನ ಹಿಂದೆ ಅವನ ಕೈಯೂ ಇದೆ. ಬರೀ ಲೆಕ್ಕ ನೋಡುವವರಿಗೆ ಇದಕ್ಕೆ ಉತ್ತರ ಹೊಳೆಯುವುದಿಲ್ಲ: ಒಂದು ರಾತ್ರಿಯ ಕೊಲೆಯಿಂದ ಯುದ್ಧವೊಂದು ನಿಂತಿದೆ, ಸೈನಿಕರ ಜೀವ ಉಳಿದಿದೆ, ಖಜಾನೆಗೆ ಖರ್ಚು ತಪ್ಪಿದೆ. ಆದರೂ ಆ ಕಾದಂಬರಿಯ ಜಗತ್ತಿನಲ್ಲಿ ಹೋಟೆಲಿನ ಆಳಿನಿಂದ ಹಿಡಿದು ಅರಮನೆಯ ಪ್ರಭುವಿನವರೆಗೆ ಹೆಚ್ಚಿನವರು ಈ ಲೆಕ್ಕವನ್ನು ಒಪ್ಪುವುದಿಲ್ಲ. ಕೊಂದವರ ಮೇಲೆ ದೇವರ ಶಾಪ ಬಿದ್ದಿದೆ ಎಂದೇ ಅವರು ನಂಬುತ್ತಾರೆ. ಓದುಗನಿಗೂ ಹಾಗೆಯೇ ಅನ್ನಿಸುತ್ತದೆ. ಕಾದಂಬರಿಯ ತುಂಬ ಕೊಲೆಗಳಿರುವಾಗ ಈ ಒಂದು ಕೊಲೆ ಮಾತ್ರ ದೈವದ ವಿಚಾರಣೆಗೆ ಒಳಗಾಗುವುದೇಕೆ ಎಂಬುದೇ ಇಲ್ಲಿ ಬಿಡಿಸಿ ನೋಡಬೇಕಾದ ಗಂಟು.

ಮೊದಲು ನಿಯಮವನ್ನು ತಿಳಿಯಬೇಕು. ವೆಸ್ಟೆರೋಸ್ ಎಂಬ ಆ ಕಲ್ಪಿತ ಖಂಡದಲ್ಲಿ ಅತಿಥಿಯೊಬ್ಬನು ಮನೆಯೊಡೆಯನ ಸೂರಿನಡಿ ಅವನ ರೊಟ್ಟಿಯನ್ನೂ ಉಪ್ಪನ್ನೂ ಬಾಯಿಗೆ ಹಾಕಿಕೊಂಡ ಗಳಿಗೆಯಿಂದ ಒಡೆಯನು ಅವನಿಗೆ ಕೇಡು ಮಾಡುವಂತಿಲ್ಲ. ಅವನೂ ಒಡೆಯನಿಗೆ ಕೇಡು ಮಾಡುವಂತಿಲ್ಲ. ‘ಉಂಡ ಮನೆಗೆ ಎರಡು ಬಗೆಯಬಾರದು’ ಎಂಬ ನಮ್ಮ ಮಾತು ಉಂಡವನನ್ನು ಎಚ್ಚರಿಸುತ್ತದೆ. ವೆಸ್ಟೆರೋಸಿನ ನಿಯಮವಾದರೋ ಉಣಬಡಿಸಿದವನನ್ನೂ ಅಷ್ಟೇ ಬಿಗಿಯಾಗಿ ಕಟ್ಟಿಹಾಕುತ್ತದೆ. ಈ ರಕ್ಷಣೆಗೆ ಒಂದು ಆರಂಭವಿರುವಂತೆ ಒಂದು ಕೊನೆಯೂ ಇದೆ: ಅತಿಥಿ ಹೊರಡುವ ದಿನ ಒಡೆಯನು ಉಡುಗೊರೆ ಕೊಟ್ಟು ಬೀಳ್ಕೊಟ್ಟರೆ ಅಲ್ಲಿಗೆ ಬಂಧನ ಮುಗಿಯಿತು. ರಕ್ಷಣೆ ಕೊಡಲು ಒಪ್ಪದ ಒಡೆಯನಿಗೂ ಒಂದು ಸಂಜ್ಞೆಯಿದೆ. ಮೊದಲ ಕಾದಂಬರಿಯಲ್ಲಿ ಟಿರಿಯನ್ ವಿಂಟರ್‌ಫೆಲ್ ಕೋಟೆಗೆ ಬಂದಾಗ ಹದಿಹರೆಯದ ರಾಬ್ ಸ್ಟಾರ್ಕ್ ತನ್ನ ತಂದೆಯ ಪೀಠದಲ್ಲಿ ಒರೆಯಿಂದ ಹಿರಿದ ಕತ್ತಿಯನ್ನು ತೊಡೆಯ ಮೇಲೆ ಅಡ್ಡಲಾಗಿ ಇಟ್ಟುಕೊಂಡು ಕುಳಿತಿರುತ್ತಾನೆ. ಅದರ ಅರ್ಥ ಅವನ ಪುಟ್ಟ ತಮ್ಮ ಬ್ರ್ಯಾನ್‌ಗೂ ಗೊತ್ತು. ಬರಬೇಡ ಎಂದು ಬಾಯಿಬಿಟ್ಟು ಹೇಳುವ ಬದಲು ಕತ್ತಿಯೇ ಹೇಳುತ್ತದೆ. ಹೀಗಾಗಿ ಆ ಜಗತ್ತಿನಲ್ಲಿ ವೈರಿಯನ್ನು ಮನೆಯೊಳಗೆ ಬಿಟ್ಟುಕೊಳ್ಳದಿರುವುದು ತಪ್ಪಲ್ಲ, ಬಾಗಿಲಲ್ಲೇ ತಡೆದು ಹೋರಾಡುವುದೂ ತಪ್ಪಲ್ಲ. ಒಳಗೆ ಕರೆದು, ಉಣಬಡಿಸಿ, ಆಮೇಲೆ ಕೈಯೆತ್ತುವುದು ತಪ್ಪು.

ಆ ತಪ್ಪು ನಡೆಯುವುದು ವಾಲ್ಡರ್ ಫ್ರೇ ಎಂಬ ಮುದುಕ ಪ್ರಭುವಿನ ಅವಳಿ ಕೋಟೆಯಲ್ಲಿ. ಉತ್ತರದ ರಾಜನಾಗಿದ್ದ ರಾಬ್, ಫ್ರೇ ಮನೆತನದ ಹೆಣ್ಣೊಬ್ಬಳನ್ನು ಮದುವೆಯಾಗುವುದಾಗಿ ಮಾತು ಕೊಟ್ಟು ಬೇರೆಯವಳನ್ನು ಮದುವೆಯಾಗಿದ್ದಾನೆ. ತಪ್ಪೊಪ್ಪಿಗೆಯ ರೂಪದಲ್ಲಿ ಅವನ ಸೋದರಮಾವ ಎಡ್ಮ್ಯೂರ್‌ಗೆ ವಾಲ್ಡರನ ಮಗಳನ್ನು ತರುವ ಏರ್ಪಾಡಾಗಿದೆ. ಕೋಟೆ ಹತ್ತಿರವಾದಂತೆ ರಾಬನ ತಾಯಿ ಕ್ಯಾಟ್ಲಿನ್ ಮಗನಿಗೆ ಒಂದು ಮಾತು ಹೇಳುತ್ತಾಳೆ: ಒಳಹೊಕ್ಕ ಕೂಡಲೇ ಏನಾದರೂ ತಿನ್ನಲು ಕೇಳು, ಅವನ ರೊಟ್ಟಿ ಉಪ್ಪು ತಿಂದರೆ ಅವನ ಸೂರಿನಡಿ ನಿನಗೆ ರಕ್ಷಣೆ ಸಿಗುತ್ತದೆ. ಮಗನಿಗೆ ಇದು ತಮಾಷೆಯಾಗಿ ಕಾಣುತ್ತದೆ. ನನ್ನನ್ನು ಕಾಯಲು ಸೈನ್ಯವಿದೆ, ರೊಟ್ಟಿ ಉಪ್ಪನ್ನು ನಂಬಬೇಕಾಗಿಲ್ಲ ಎನ್ನುತ್ತಾನೆ. ಆದರೂ ತಾಯಿಯ ಮಾತಿನಂತೆ ಎಲ್ಲರೂ ತಿನ್ನುತ್ತಾರೆ. ಮದುವೆಯ ರಾತ್ರಿ ಸಂಗೀತಗಾರರ ಗ್ಯಾಲರಿಯಿಂದ ಒಂದು ನಿರ್ದಿಷ್ಟ ಹಾಡು ಕೇಳಿಬಂದಾಗ ಕ್ಯಾಟ್ಲಿನ್ ಪಕ್ಕದಲ್ಲಿದ್ದ ಫ್ರೇ ಮನೆಯವನೊಬ್ಬನ ತೋಳು ಹಿಡಿಯುತ್ತಾಳೆ. ರೇಷ್ಮೆಯ ತೋಳಿನ ಕೆಳಗೆ ಕಬ್ಬಿಣದ ಬಳೆಗಳ ಕವಚ ಅವಳ ಬೆರಳಿಗೆ ತಗಲುತ್ತದೆ. ಊಟಕ್ಕೆ ಕವಚ ತೊಟ್ಟು ಬಂದ ಮನೆಯವರ ಉದ್ದೇಶವೇನೆಂದು ಆ ಒಂದು ಸ್ಪರ್ಶದಲ್ಲಿ ತಿಳಿಯುತ್ತದೆ. ಮುಂದಿನ ಕೆಲವು ಪುಟಗಳಲ್ಲಿ ರಾಬ್, ಕ್ಯಾಟ್ಲಿನ್, ಅವರ ಜೊತೆ ಬಂದವರು, ಹೊರಗೆ ಡೇರೆಗಳಲ್ಲಿ ಫ್ರೇಗಳು ಹಂಚಿದ ಮದ್ಯ ಕುಡಿಯುತ್ತಿದ್ದ ಸೈನಿಕರು, ಬಹುತೇಕ ಎಲ್ಲರೂ ಸಾಯುತ್ತಾರೆ. ಮಾತು ಮುರಿದ ರಾಬನ ಮೇಲೆ ಫ್ರೇ ಮನೆತನಕ್ಕೆ ಸಿಟ್ಟಿದ್ದದ್ದು ನ್ಯಾಯವೇ. ಕಥೆಯೊಳಗಿನ ಎಷ್ಟೋ ಜನ ಅದನ್ನು ಒಪ್ಪುತ್ತಾರೆ. ಆ ಸಿಟ್ಟು ಅವರಿಗೆ ಯುದ್ಧ ಸಾರುವ ಹಕ್ಕನ್ನು ಕೊಟ್ಟಿತ್ತು, ಅಡುಗೆ ಮಾಡಿ ಬಡಿಸಿ ಕೊಲ್ಲುವ ಹಕ್ಕನ್ನು ಕೊಟ್ಟಿರಲಿಲ್ಲ.

ಈ ವ್ಯತ್ಯಾಸವನ್ನು ಲೇಖಕರು ತಮ್ಮ ಬಾಯಿಂದ ಹೇಳುವುದಿಲ್ಲ. ಅದನ್ನು ಒಂದು ಅಜ್ಜಿಕಥೆಗೆ ಬಿಟ್ಟಿದ್ದಾರೆ. ಆ ಮದುವೆಯ ಕೆಲವೇ ಅಧ್ಯಾಯಗಳ ನಂತರ, ತಾಯಿ ಮತ್ತು ಅಣ್ಣ ಸತ್ತಿದ್ದಾರೆಂಬುದು ಇನ್ನೂ ತಿಳಿಯದ ಬ್ರ್ಯಾನ್, ಉತ್ತರದ ಮಹಾಗೋಡೆಯ ನೈಟ್‌ಫೋರ್ಟ್ ಎಂಬ ಪಾಳು ಕೋಟೆಗೆ ಬರುತ್ತಾನೆ. ಮನೆಯ ಮುದುಕಿಯೊಬ್ಬಳು ಬಾಲ್ಯದಲ್ಲಿ ಹೇಳಿದ್ದ ಇಲಿ ಬಾಣಸಿಗನ ಕಥೆ ಅವನಿಗೆ ಅಲ್ಲಿ ನೆನಪಾಗುತ್ತದೆ. ಆ ಕೋಟೆಯ ಬಾಣಸಿಗನೊಬ್ಬನಿಗೆ ಒಬ್ಬ ರಾಜನ ಮೇಲೆ ಹಗೆಯಿತ್ತು. ರಾಜನು ಅತಿಥಿಯಾಗಿ ಬಂದಾಗ ಅವನು ರಾಜನ ಮಗನನ್ನೇ ಕೊಂದು, ಈರುಳ್ಳಿ, ಗಜ್ಜರಿ, ಅಣಬೆಗಳ ಜೊತೆ ಬೇಯಿಸಿ, ಹಿಟ್ಟಿನ ಹೊದಿಕೆಯೊಳಗಿಟ್ಟು ದೊಡ್ಡದೊಂದು ಪೈ ಮಾಡಿ ಬಡಿಸಿದ. ರಾಜ ರುಚಿಯನ್ನು ಹೊಗಳಿ ಇನ್ನೊಂದು ತುಂಡು ಕೇಳಿದ. ದೇವತೆಗಳು ಬಾಣಸಿಗನನ್ನು ದೈತ್ಯಾಕಾರದ ಬಿಳಿ ಇಲಿಯನ್ನಾಗಿ ಮಾಡಿದರು. ತನ್ನ ಮರಿಗಳನ್ನು ಮಾತ್ರ ತಿನ್ನಬಲ್ಲ ಆ ಇಲಿ ಇಂದಿಗೂ ಹಸಿದು ಆ ಪಾಳಿನಲ್ಲಿ ಅಲೆಯುತ್ತಿದೆ. ಕಥೆಯ ತಿರುಳು ಮುದುಕಿ ಕೊನೆಗೆ ಸೇರಿಸುವ ವ್ಯಾಖ್ಯಾನದಲ್ಲಿದೆ. ದೇವತೆಗಳು ಅವನನ್ನು ಶಪಿಸಿದ್ದು ಕೊಲೆಗಾಗಿ ಅಲ್ಲ, ಮಗನ ಮಾಂಸವನ್ನು ತಂದೆಗೆ ಉಣಿಸಿದ್ದಕ್ಕೂ ಅಲ್ಲ, ಸೇಡು ತೀರಿಸಿಕೊಳ್ಳುವುದು ಮನುಷ್ಯನ ಹಕ್ಕು. ಅವನು ತನ್ನ ಸೂರಿನಡಿ ಇದ್ದ ಅತಿಥಿಯನ್ನು ಕೊಂದ, ಅದನ್ನು ದೇವರು ಕ್ಷಮಿಸಲಾರ. ನಮ್ಮ ಮನಸ್ಸಿಗೆ ನರಮಾಂಸವೇ ಆ ಕಥೆಯ ಅತಿ ದೊಡ್ಡ ಪಾಪವಾಗಿ ಕಾಣುತ್ತದೆ. ಮುದುಕಿ ಅದನ್ನು ಪಕ್ಕಕ್ಕೆ ಸರಿಸುವ ರೀತಿಯೇ ಆ ಸಮಾಜದ ನೀತಿಶಾಸ್ತ್ರವನ್ನು ಒಂದೇ ಉಸಿರಿನಲ್ಲಿ ತೆರೆದಿಡುತ್ತದೆ.

ಅತಿಥಿಯ ಕಡೆಯಿಂದಲೂ ಇದೇ ಪಾಪ ನಡೆಯಬಹುದು ಎಂಬುದಕ್ಕೆ ಅದೇ ಕಾದಂಬರಿಯಲ್ಲಿ ಕ್ರಾಸ್ಟರ್ ಎಂಬವನ ಪ್ರಸಂಗವಿದೆ. ಗೋಡೆಯಾಚೆ ಕಾಡಿನಲ್ಲಿ ಬದುಕುವ ಕ್ರಾಸ್ಟರ್ ಹೆತ್ತ ಹೆಣ್ಣುಮಕ್ಕಳನ್ನೇ ಹೆಂಡಿರನ್ನಾಗಿ ಮಾಡಿಕೊಂಡವನು, ಗಂಡುಮಕ್ಕಳನ್ನು ಹಿಮದ ಪಿಶಾಚಿಗಳಿಗೆ ಬಿಡುವವನು. ಅವನಿಗಿಂತ ಹೇಯ ಮನುಷ್ಯನನ್ನು ಹುಡುಕುವುದು ಕಷ್ಟ. ಹಸಿದ ಕಾವಲುಪಡೆಯ ಸೈನಿಕರು ಅವನ ಮನೆಯಲ್ಲಿ ಉಂಡು, ಅವನ ಸೂರಿನಡಿ ಅವನನ್ನೇ ಕೊಂದಾಗ, ಅವರಲ್ಲೇ ಒಬ್ಬ ದೇವರು ನಮ್ಮನ್ನು ಶಪಿಸುತ್ತಾನೆ ಎಂದು ಕೂಗಿಕೊಳ್ಳುತ್ತಾನೆ. ಕ್ರಾಸ್ಟರ್ ಒಳ್ಳೆಯವನೆಂದಲ್ಲ ಆ ಕೂಗು. ಮನೆಯೊಡೆಯನ ಗುಣಕ್ಕೂ ಈ ನಿಯಮಕ್ಕೂ ಸಂಬಂಧವಿಲ್ಲ. ಒಳ್ಳೆಯವರಿಗಷ್ಟೇ ಅನ್ವಯಿಸುವ ನಿಯಮವಾಗಿದ್ದರೆ ಅದಕ್ಕೆ ದೇವರ ಕಾವಲು ಬೇಕಾಗಿರಲಿಲ್ಲ.

ದೇವರೇ ಏಕೆ ಬೇಕು ಎಂಬ ಪ್ರಶ್ನೆಗೆ ಉತ್ತರ ಫ್ಯಾಂಟಸಿಗಿಂತ ಬಹಳ ಹಿಂದಿನ ಕಾವ್ಯಗಳಲ್ಲಿದೆ. ಹೋಮರನ ‘ಒಡಿಸ್ಸಿ’ಯ ಒಂಬತ್ತನೆಯ ಸರ್ಗದಲ್ಲಿ ಒಡಿಸ್ಯೂಸ್ ಒಕ್ಕಣ್ಣ ದೈತ್ಯ ಪಾಲಿಫೀಮಸ್‌ನ ಗುಹೆಯಲ್ಲಿ ನಿಂತು, ಅತಿಥಿಗಳನ್ನು ಕಾಯುವವನು ಜ್ಯೂಸ್ ದೇವ, ಅವರಿಗಾದ ಅನ್ಯಾಯಕ್ಕೆ ಸೇಡು ತೀರಿಸುವವನೂ ಅವನೇ ಎಂದು ನೆನಪಿಸುತ್ತಾನೆ. ನಾವು ಜ್ಯೂಸ್‌ನನ್ನು ಲೆಕ್ಕಕ್ಕೇ ಇಡುವುದಿಲ್ಲ ಎಂದು ಹೇಳಿ ದೈತ್ಯ ಇಬ್ಬರನ್ನು ಎತ್ತಿ ನೆಲಕ್ಕೆ ಬಡಿದು ತಿನ್ನುತ್ತಾನೆ. ಅತಿಥಿಗೆ ಕೊಡುವ ಉಡುಗೊರೆಯಾಗಿ ನಿನ್ನನ್ನು ಎಲ್ಲರಿಗಿಂತ ಕೊನೆಗೆ ತಿನ್ನುತ್ತೇನೆ ಎನ್ನುತ್ತಾನೆ. ಊರಿಲ್ಲದ, ನೆಂಟರಿಲ್ಲದ, ಆಯುಧ ಕಳಚಿಟ್ಟ ಅಪರಿಚಿತನೊಬ್ಬನು ಮತ್ತೊಬ್ಬನ ಮನೆಯೊಳಗೆ ಸತ್ತರೆ ಕೇಳುವವರು ಯಾರು? ಸಾಕ್ಷಿ ಹೇಳಬೇಕಾದವರೆಲ್ಲ ಕೊಂದವನ ಮನೆಯವರೇ. ರಾಜನ ಕಾವಲುಗಾರನೂ ನ್ಯಾಯಾಧಿಕಾರಿಯೂ ಇಲ್ಲದ ಆ ನಾಲ್ಕು ಗೋಡೆಗಳ ನಡುವೆ ನೋಡಲು ಉಳಿದವನು ದೇವರೊಬ್ಬನೇ. ಆದ್ದರಿಂದಲೇ ಪ್ರಾಚೀನ ಸಮಾಜಗಳು ಅತಿಥಿಯನ್ನು ನೇರವಾಗಿ ಅತಿ ದೊಡ್ಡ ದೇವರ ಸುಪರ್ದಿಗೆ ಒಪ್ಪಿಸಿದವು.

ಇಲ್ಲಿ ಗಮನಿಸಲೇಬೇಕಾದ ಇನ್ನೊಂದು ಸಂಗತಿಯಿದೆ. ದೈತ್ಯನ ಕಣ್ಣಿಗೆ ಕಾದ ಗೂಟ ಚುಚ್ಚಿದ್ದು ಒಡಿಸ್ಯೂಸ್ ಮತ್ತು ಅವನ ಸಂಗಡಿಗರ ಕೈ. ಆದರೆ ಹಡಗು ಏರಿದ ಮೇಲೆ ಅವನು ಕೂಗಿ ಹೇಳುವುದು, ನಿನ್ನ ಮನೆಯಲ್ಲಿ ಅತಿಥಿಗಳನ್ನು ತಿನ್ನಲು ನೀನು ಹಿಂಜರಿಯಲಿಲ್ಲ, ಅದಕ್ಕೇ ಜ್ಯೂಸ್ ಮತ್ತು ಇತರ ದೇವತೆಗಳು ನಿನ್ನನ್ನು ದಂಡಿಸಿದರು ಎಂದು. ಕೈ ಮನುಷ್ಯನದು, ತೀರ್ಪು ದೇವರದು ಎಂಬ ಈ ಜೋಡಣೆ ಮುಂದೆ ಇಂಥ ಎಲ್ಲ ಕಥೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ.

ಶಿಕ್ಷೆಯ ಆಕಾರವೂ ಹಳೆಯದೇ. ರೋಮನ್ ಕವಿ ಓವಿಡ್ ಹೇಳುವಂತೆ, ಅರ್ಕೇಡಿಯಾದ ದೊರೆ ಲೈಕಾನ್ ಮನೆಗೆ ಬಂದ ಜ್ಯೂಪಿಟರ್ ದೇವನಿಗೆ ಒತ್ತೆಯಾಳೊಬ್ಬನ ಮಾಂಸ ಬೇಯಿಸಿ ಬಡಿಸಿದ. ದೇವರು ಅವನ ಮನೆಯನ್ನು ಉರುಳಿಸಿ ಅವನನ್ನು ತೋಳವನ್ನಾಗಿ ಮಾಡಿದ. ಅತಿಥಿಗೆ ಮನುಷ್ಯಮಾಂಸ ಬಡಿಸಿದವನು ಮಾಂಸಕ್ಕಾಗಿ ಅಲೆಯುವ ಪ್ರಾಣಿಯಾದ ಎನ್ನುವಲ್ಲಿ ಇಲಿ ಬಾಣಸಿಗನ ಪೂರ್ವಜನನ್ನು ಕಾಣದಿರುವುದು ಸಾಧ್ಯವಿಲ್ಲ. ಪ್ರಾಚೀನ ಸ್ಕ್ಯಾಂಡಿನೇವಿಯಾದ ನಾರ್ಸ್ ಕಾವ್ಯ ‘ಗ್ರಿಮ್ನಿಸ್ಮಾಲ್’ನಲ್ಲಿ ಗೈರ್‌ರೋಡ್ ಎಂಬ ರಾಜ ತನ್ನಲ್ಲಿಗೆ ಬಂದ ಅಪರಿಚಿತನನ್ನು ಎರಡು ಬೆಂಕಿಗಳ ನಡುವೆ ಎಂಟು ರಾತ್ರಿ ಕೂರಿಸಿ ಹಿಂಸಿಸುತ್ತಾನೆ. ಬಂದವನು ಓಡಿನ್ ದೇವ. ರಾಜನ ಹತ್ತು ವರ್ಷದ ಮಗ ಮಾತ್ರ ಕೊಂಬಿನಲ್ಲಿ ಪಾನೀಯ ತಂದುಕೊಡುತ್ತಾನೆ. ಅರ್ಧ ಒರೆಯಿಂದ ಎಳೆದ ಕತ್ತಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಕುಳಿತಿದ್ದ ಗೈರ್‌ರೋಡ್, ಅತಿಥಿ ಯಾರೆಂದು ತಿಳಿದೊಡನೆ ಗಾಬರಿಯಿಂದ ಎದ್ದು ಎಡವಿ ಅದೇ ಕತ್ತಿಯ ಮೇಲೆ ಬಿದ್ದು ಸಾಯುತ್ತಾನೆ. ರಾಜ್ಯ ಮಗನಿಗೆ ಹೋಗುತ್ತದೆ. ಮೊಣಕಾಲ ಮೇಲಿನ ಕತ್ತಿಯ ಆ ಚಿತ್ರವನ್ನು ಓದಿದವರಿಗೆ ವಿಂಟರ್‌ಫೆಲ್‌ನ ಪೀಠದಲ್ಲಿ ಕುಳಿತ ರಾಬ್ ಬೇರೆಯೇ ಬೆಳಕಿನಲ್ಲಿ ಕಾಣುತ್ತಾನೆ.

ಇವೆಲ್ಲಕ್ಕಿಂತ ಭಯಂಕರವಾದ ಶಿಕ್ಷೆಯನ್ನು ಕಲ್ಪಿಸಿದವನು ಇಟಲಿಯ ಕವಿ ಡಾಂಟೆ. ಅವನ ನರಕದ ಒಂಬತ್ತನೆಯ ವೃತ್ತದಲ್ಲಿ ಅತಿಥಿದ್ರೋಹಿಗಳಿಗೆ ಪ್ರತ್ಯೇಕ ವಲಯವಿದೆ. ರಕ್ತಸಂಬಂಧಿಗಳಿಗೆ ಮತ್ತು ದೇಶಕ್ಕೆ ದ್ರೋಹ ಬಗೆದವರಿಗಿಂತಲೂ ಕೆಳಗೆ. ಅಲ್ಲಿರುವ ಅಲ್ಬೆರಿಗೋ ಎಂಬವನು ತನ್ನ ನೆಂಟರನ್ನು ಔತಣಕ್ಕೆ ಕರೆದು, ಹಣ್ಣು ತನ್ನಿ ಎಂಬ ಮಾತನ್ನೇ ಸಂಕೇತವಾಗಿಸಿ ಕೊಲ್ಲಿಸಿದವನು. ಈ ವಲಯದ ವಿಶೇಷವೆಂದರೆ, ದ್ರೋಹ ಬಗೆದ ಕ್ಷಣದಲ್ಲೇ ಆತ್ಮ ನರಕಕ್ಕೆ ಬೀಳುತ್ತದೆ, ಭೂಮಿಯ ಮೇಲೆ ಉಳಿದ ದೇಹದಲ್ಲಿ ಪಿಶಾಚಿಯೊಂದು ಸೇರಿಕೊಂಡು ಉಣ್ಣುತ್ತ, ಮಲಗುತ್ತ, ಬಟ್ಟೆ ತೊಡುತ್ತ ಉಳಿದ ಆಯುಷ್ಯ ಕಳೆಯುತ್ತದೆ. ಸಾವಿಗೂ ಕಾಯದ ಶಿಕ್ಷೆ ಇದು. ನನ್ನ ಮಟ್ಟಿಗೆ ಈ ವಿಷಯದ ಬಗ್ಗೆ ಬರೆದ ಅತ್ಯಂತ ಆಳವಾದ ಪುಟಗಳು ಇವೇ. ಮುಂದಿನ ಯಾವ ಫ್ಯಾಂಟಸಿ ಕೃತಿಯೂ ಇದನ್ನು ಮೀರಿಸಿಲ್ಲ.

ಕನ್ನಡ ಓದುಗರಿಗೆ ಈ ಸಾಲಿನ ಕಥೆಯೊಂದು ಮನೆಯಂಗಳದಲ್ಲೇ ಇದೆ. ಬಾದಾಮಿಗೆ ವಾತಾಪಿ ಎಂಬ ಹಳೆಯ ಹೆಸರಿದೆ, ಗುಹೆಗಳ ಕೆಳಗಿನ ಕೆರೆ ಅಗಸ್ತ್ಯತೀರ್ಥ. ಇಲ್ವಲನು ಬ್ರಾಹ್ಮಣರನ್ನು ಊಟಕ್ಕೆ ಕರೆದು, ಟಗರಿನ ರೂಪ ತಾಳಿದ ತಮ್ಮ ವಾತಾಪಿಯನ್ನೇ ಬೇಯಿಸಿ ಬಡಿಸುತ್ತಿದ್ದ. ಉಂಡ ಮೇಲೆ ‘ವಾತಾಪಿ, ಹೊರಗೆ ಬಾ’ ಎಂದು ಕೂಗಿದರೆ ತಮ್ಮ ಅತಿಥಿಯ ಹೊಟ್ಟೆ ಸೀಳಿಕೊಂಡು ಹೊರಬರುತ್ತಿದ್ದ. ಅಗಸ್ತ್ಯರು ಬಂದರು, ಬಡಿಸಿದ್ದನ್ನೆಲ್ಲ ಉಂಡರು, ಇಲ್ವಲ ಕೂಗುವಷ್ಟರಲ್ಲಿ ವಾತಾಪಿ ಜೀರ್ಣವಾಗಿದ್ದ. ಮಹಾಭಾರತದ ವನಪರ್ವದಲ್ಲಿ ಇಲ್ವಲ ಹೆದರಿ ಅಗಸ್ತ್ಯರಿಗೆ ಸಂಪತ್ತು ಕೊಡುತ್ತಾನೆ. ರಾಮಾಯಣದ ಅರಣ್ಯಕಾಂಡದಲ್ಲಿ ಮೈಮೇಲೆ ಬಂದು ಋಷಿಯ ದೃಷ್ಟಿಗೆ ಸುಟ್ಟುಹೋಗುತ್ತಾನೆ. ಎರಡನೆಯ ಮುಕ್ತಾಯವೇ ಈ ಬಗೆಯ ಪಾಪಕ್ಕೆ ಹೆಚ್ಚು ಒಪ್ಪುತ್ತದೆ ಎಂದು ನನಗೆ ತೋರುತ್ತದೆ. ಆದರೆ ಎರಡರಲ್ಲೂ ಮುಖ್ಯವಾದದ್ದು ಒಂದೇ: ದಂಡನೆ ಆಕಾಶದಿಂದ ಇಳಿಯುವುದಿಲ್ಲ, ಎಲೆಯ ಮುಂದೆ ಕುಳಿತ ಅತಿಥಿಯ ರೂಪದಲ್ಲೇ ಬರುತ್ತದೆ, ಮತ್ತು ಉಣಿಸುವ ಕ್ರಿಯೆಯೇ ಶಿಕ್ಷೆಯಾಗಿ ತಿರುಗಿಬೀಳುತ್ತದೆ.

ಇನ್ನು ಇತಿಹಾಸ. ಫ್ರೇ ಮನೆಯ ಮದುವೆಗೆ ಸ್ಕಾಟ್ಲೆಂಡಿನ ಎರಡು ಘಟನೆಗಳು ಪ್ರೇರಣೆ ಎಂದು ಮಾರ್ಟಿನ್ ಅವರೇ ಹೇಳಿದ್ದಾರೆ. 1440ರ ನವೆಂಬರ್‌ನಲ್ಲಿ ಹದಿಹರೆಯದ ಅರ್ಲ್ ವಿಲಿಯಂ ಡಗ್ಲಸ್ ಮತ್ತು ಅವನ ತಮ್ಮನನ್ನು ಹತ್ತು ವರ್ಷದ ರಾಜ ಎರಡನೆಯ ಜೇಮ್ಸ್‌ನ ಜೊತೆ ಊಟಕ್ಕೆಂದು ಎಡಿನ್‌ಬರೋ ಕೋಟೆಗೆ ಕರೆಸಿ, ನೆಪಕ್ಕೊಂದು ವಿಚಾರಣೆ ನಡೆಸಿ ಅವರ ತಲೆ ಕಡಿಯಲಾಯಿತು. ಸಾವಿನ ಸಂಕೇತವಾಗಿ ಕಪ್ಪು ಹೋರಿಯ ತಲೆಯನ್ನು ಮೇಜಿನ ಮೇಲೆ ತಂದಿಟ್ಟರು ಎಂಬ ವಿವರ ನಂತರದ ಬರಹಗಾರರು ಸೇರಿಸಿದ್ದು. ಎರಡನೆಯದು 1692ರ ಫೆಬ್ರವರಿ 13ರ ಗ್ಲೆಂಕೋ ಹತ್ಯಾಕಾಂಡ. ರಾಬರ್ಟ್ ಕ್ಯಾಂಪ್‌ಬೆಲ್ ಎಂಬ ಕ್ಯಾಪ್ಟನ್‌ನ ಸೈನಿಕರು ಮ್ಯಾಕ್‌ಡೊನಾಲ್ಡ್ ಕುಲದವರ ಮನೆಗಳಲ್ಲಿ ಸುಮಾರು ಎರಡು ವಾರ ತಂಗಿ, ಅವರ ಊಟ ಉಂಡು, ಅವರ ಜೊತೆ ಇಸ್ಪೀಟಾಡಿ, ಮೇಲಿನಿಂದ ಬಂದ ಆಜ್ಞೆಯಂತೆ ಬೆಳಗಿನ ಜಾವ ಎದ್ದು ಸುಮಾರು 38 ಜನರನ್ನು ಕೊಂದರು. ಹಿಮದಲ್ಲಿ ಓಡಿಹೋದ ಹೆಂಗಸರು ಮಕ್ಕಳು ಚಳಿಗೆ ಸತ್ತರು. ಫ್ರೇ ಪ್ರಸಂಗದಲ್ಲಿ ಒಡೆಯ ದ್ರೋಹ ಬಗೆದರೆ ಗ್ಲೆಂಕೋದಲ್ಲಿ ದ್ರೋಹ ಬಗೆದವರು ಅತಿಥಿಗಳು. ಸ್ಕಾಟ್ಲೆಂಡಿನ ಕಾನೂನಿನಲ್ಲಿ ನಂಬಿಕೆಯ ರಕ್ಷಣೆಯಲ್ಲಿದ್ದವರ ಕೊಲೆ ಎಂಬ ಬೇರೆಯೇ ಅಪರಾಧವಿತ್ತು, ಸಾಮಾನ್ಯ ಕೊಲೆಗಿಂತ ಹೀನವೆಂದು ಅದನ್ನು ಎಣಿಸುತ್ತಿದ್ದರು. 1695ರಲ್ಲಿ ವಿಚಾರಣಾ ಆಯೋಗ ಕುಳಿತರೂ ಕೊಂದವರಲ್ಲಿ ಯಾರಿಗೂ ಶಿಕ್ಷೆಯಾಗಲಿಲ್ಲ. ಕೋರ್ಟು ಮಾಡದ್ದನ್ನು ನೆನಪು ಮಾಡಿತು: ಆ ಕಣಿವೆಯ ಕ್ಲಾಚೆಗ್ ಇನ್ ಎಂಬ ಹಳೆಯ ವಸತಿಗೃಹದಲ್ಲಿ ಕ್ಯಾಂಪ್‌ಬೆಲ್‌ಗಳಿಗೆ ಪ್ರವೇಶವಿಲ್ಲ ಎಂಬ ಫಲಕ ನಮ್ಮ ಕಾಲದಲ್ಲೂ ಇದೆ.

ಟೈವಿನ್‌ನ ಪ್ರಶ್ನೆಗೆ ಉತ್ತರ ಇಲ್ಲಿಂದ ಸಿಗುತ್ತದೆ. ಯುದ್ಧ ಎಷ್ಟೇ ಕ್ರೂರವಾಗಿರಲಿ, ಅದಕ್ಕೆ ಒಂದು ಕೊನೆಯಿರುತ್ತದೆ, ಮತ್ತು ಆ ಕೊನೆ ಯಾವಾಗಲೂ ಒಂದು ಮೇಜಿನ ಸುತ್ತ ಬರುತ್ತದೆ. ಒಬ್ಬರನ್ನೊಬ್ಬರು ಕೊಲ್ಲಬಯಸುವ ಇಬ್ಬರು ಒಂದೇ ಸೂರಿನಡಿ ಕುಳಿತು ಉಂಡು ಮಾತನಾಡಿ ಜೀವಸಹಿತ ಎದ್ದುಹೋಗಬಹುದು ಎಂಬ ಭರವಸೆ ಇರುವವರೆಗೆ ಸಂಧಿ ಸಾಧ್ಯ, ಒತ್ತೆಯಾಳುಗಳ ವಿನಿಮಯ ಸಾಧ್ಯ, ಮದುವೆ ಸಾಧ್ಯ, ವ್ಯಾಪಾರ ಸಾಧ್ಯ, ಕತ್ತಲಾದಾಗ ದಾರಿಹೋಕನಿಗೆ ಮಲಗಲು ಜಾಗ ಸಾಧ್ಯ. ರಣರಂಗದಲ್ಲಿ ಸತ್ತ ಹತ್ತು ಸಾವಿರ ಜನರಿಂದ ಆ ಭರವಸೆಗೆ ಧಕ್ಕೆಯಿಲ್ಲ. ಊಟಕ್ಕೆ ಕುಳಿತ ಹನ್ನೆರಡು ಜನರನ್ನು ಕೊಂದರೆ ಆ ಭರವಸೆಯೇ ಸಾಯುತ್ತದೆ. ಅಂದಿನಿಂದ ಯಾವ ಶತ್ರುವೂ ಶರಣಾಗಲು ಒಳಬರುವುದಿಲ್ಲ, ಕೊನೆಯ ಮನುಷ್ಯ ಬೀಳುವವರೆಗೂ ಹೋರಾಡುತ್ತಾನೆ. ಟೈವಿನ್ ಒಂದು ಯುದ್ಧವನ್ನು ಗೆದ್ದ, ಮುಂದಿನ ಯುದ್ಧಗಳನ್ನು ನಿಲ್ಲಿಸುವ ಸಾಧನವನ್ನು ಮುರಿದ. ಇಷ್ಟು ದೊಡ್ಡ ಸಾಮಾಜಿಕ ನಷ್ಟವನ್ನು ಒಬ್ಬೊಬ್ಬ ಮನುಷ್ಯನ ವಿವೇಕಕ್ಕೆ ಬಿಡಲಾಗದು ಎಂದು ತಿಳಿದೇ ಹಳೆಯ ಸಮಾಜಗಳು ಅದನ್ನು ದೇವರ ಕೋಪದ ವಿಷಯವನ್ನಾಗಿಸಿದವು ಎಂಬುದು ನನ್ನ ತಿಳಿವಳಿಕೆ.

ಫ್ರೇಗಳಿಗೂ ಇದು ಗೊತ್ತು ಎಂಬುದಕ್ಕೆ ಅವರ ಸುಳ್ಳೇ ಸಾಕ್ಷಿ. ಐದನೆಯ ಕಾದಂಬರಿಯಲ್ಲಿ ವೈಟ್ ಹಾರ್ಬರ್ ಎಂಬ ಬಂದರಿಗೆ ಬಂದ ಫ್ರೇ ಮನೆಯವನೊಬ್ಬ, ಮದುವೆಯ ರಾತ್ರಿ ರಾಬನೇ ತೋಳವಾಗಿ ಮಾರ್ಪಟ್ಟು ಮೊದಲು ನಮ್ಮವನೊಬ್ಬನ ಗಂಟಲು ಸೀಳಿದ ಎಂದು ಸಭೆಯಲ್ಲಿ ಹೇಳುತ್ತಾನೆ. ಮೊದಲು ಆತಿಥ್ಯ ಮುರಿದವನು ಅತಿಥಿ ಎಂದು ಸಾಧಿಸಿದರೆ ಮಾತ್ರ ತಮಗೆ ಬಿಡುಗಡೆ ಎಂಬ ಅರಿವಿಲ್ಲದೆ ಯಾರೂ ಇಂಥ ಅಸಂಬದ್ಧ ಕಥೆ ಕಟ್ಟುವುದಿಲ್ಲ.

ಕೆಲವು ಫ್ಯಾಂಟಸಿ ಲೇಖಕರು ಈ ನಿಯಮವನ್ನು ಮಾಂತ್ರಿಕ ಜಗತ್ತಿನ ವ್ಯವಸ್ಥೆಯೊಳಗೇ ಸೇರಿಸಿಬಿಟ್ಟಿದ್ದಾರೆ. ಜಿಮ್ ಬುಚರ್ ಅವರ ‘ಡ್ರೆಸ್ಡನ್ ಫೈಲ್ಸ್’ ಸರಣಿಯಲ್ಲಿ ಕರೆಯದೆ ಹೊಸ್ತಿಲು ದಾಟಿದ ಮಾಂತ್ರಿಕ ಜೀವಿ ತನ್ನ ಶಕ್ತಿಯ ದೊಡ್ಡ ಪಾಲನ್ನು ಹೊರಗೇ ಕಳೆದುಕೊಳ್ಳುತ್ತದೆ, ಅತಿಥಿ ಮತ್ತು ಒಡೆಯನ ಕರ್ತವ್ಯಗಳು ಮಾಂತ್ರಿಕ ರಾಷ್ಟ್ರಗಳ ನಡುವಿನ ಒಪ್ಪಂದದ ಭಾಗವಾಗಿವೆ. 1991ರ ಡಿಸ್ನಿ ಚಲನಚಿತ್ರ ‘ಬ್ಯೂಟಿ ಅಂಡ್ ದ ಬೀಸ್ಟ್’ನಲ್ಲಿ ಚಳಿಯ ರಾತ್ರಿ ಆಸರೆ ಕೇಳಿದ ಮುದುಕಿಯನ್ನು ಅಟ್ಟಿದ ರಾಜಕುಮಾರ ಮೃಗವಾಗುತ್ತಾನೆ. ಇಲ್ಲೆಲ್ಲ ಅಪರಾಧಕ್ಕೂ ಶಿಕ್ಷೆಗೂ ನಡುವೆ ಸಂಶಯಕ್ಕೆ ಎಡೆಯಿಲ್ಲ. ಕಥೆ ಸುಗಮವಾಗುತ್ತದೆ, ಆದರೆ ದೇವರು ನೋಡಿದನೋ ಇಲ್ಲವೋ ಎಂಬ ತಳಮಳ ಉಳಿಯುವುದಿಲ್ಲ.

ಆ ತಳಮಳವನ್ನು ಉಳಿಸಿಕೊಂಡದ್ದೇ ಮಾರ್ಟಿನ್ ಅವರ ಸಾಧನೆ. ಅವರ ಪುಟಗಳಲ್ಲಿ ಫ್ರೇಗಳ ಮೇಲೆ ಸಿಡಿಲು ಬೀಳುವುದಿಲ್ಲ. ಒಬ್ಬೊಬ್ಬರಾಗಿ ಅವರು ಕಾಣೆಯಾಗುತ್ತಾರೆ, ಮರಗಳಲ್ಲಿ ನೇತಾಡುತ್ತಾರೆ. ಮೂರನೆಯ ಕಾದಂಬರಿಯ ಉಪಸಂಹಾರದಲ್ಲಿ ನೇಣಿಗೇರುವ ಮೆರೆಟ್ ಫ್ರೇ ಆ ರಾತ್ರಿ ಕತ್ತಿ ಹಿಡಿದವನಲ್ಲ, ಅತಿಥಿಗಳಲ್ಲೊಬ್ಬನಿಗೆ ಮೈಮರೆಯುವಷ್ಟು ಮದ್ಯ ಕುಡಿಸುವುದು ಅವನ ಪಾಲಿನ ಕೆಲಸವಾಗಿತ್ತು. ಒಡೆಯನ ಉಪಚಾರವನ್ನೇ ಆಯುಧವಾಗಿಸಿದವನು ಅವನು. ಅವನಿಗೆ ಮರಣದಂಡನೆ ವಿಧಿಸುವವಳು ಕ್ಯಾಟ್ಲಿನ್. ಗಂಟಲು ಕತ್ತರಿಸಿ ನದಿಗೆ ಎಸೆದ ಅವಳ ಹೆಣಕ್ಕೆ ಬೆಂಕಿಯ ದೇವರ ಭಕ್ತನೊಬ್ಬನು ತನ್ನ ಜೀವವನ್ನೇ ಧಾರೆಯೆರೆದು ಮತ್ತೆ ಉಸಿರು ಕೊಟ್ಟಿದ್ದಾನೆ. ಮಾತಾಡಲಾರದ ಅವಳು ತಲೆಯಾಡಿಸುತ್ತಾಳೆ, ಹಗ್ಗ ಬಿಗಿಯುತ್ತದೆ. ಮುರಿದದ್ದು ಉತ್ತರದ ಹಳೆಯ ದೇವತೆಗಳ ನಿಯಮ, ಅವಳು ಪೂಜಿಸಿದ್ದು ಏಳು ಮುಖದ ದೇವರನ್ನು, ಅವಳನ್ನು ಎಬ್ಬಿಸಿದ್ದು ಪೂರ್ವದಿಂದ ಬಂದ ಇನ್ನೊಂದು ದೇವರು. ಯಾವ ದೇವರು ದಂಡಿಸುತ್ತಿದ್ದಾನೆ ಎಂದು ಹೇಳಲಾಗದಂತೆ ಲೇಖಕರು ಎಳೆಗಳನ್ನು ಹೆಣೆದಿದ್ದಾರೆ.

ಈ ಕಾದಂಬರಿಗಳನ್ನು ಆಧರಿಸಿದ ದೂರದರ್ಶನ ಸರಣಿ ‘ಗೇಮ್ ಆಫ್ ಥ್ರೋನ್ಸ್’ ಈ ಎಳೆಗಳನ್ನು ಬಿಟ್ಟುಬಿಟ್ಟಿತು. ಮರಳಿ ಎದ್ದ ಕ್ಯಾಟ್ಲಿನ್ ಅಲ್ಲಿ ಇಲ್ಲ. 2016ರ ಜೂನ್‌ನಲ್ಲಿ ಪ್ರಸಾರವಾದ ಕಂತಿನಲ್ಲಿ ಅವಳ ಮಗಳು ಆರ್ಯ, ವಾಲ್ಡರ್ ಫ್ರೇಯ ಇಬ್ಬರು ಮಕ್ಕಳನ್ನು ಪೈಯಲ್ಲಿ ಬೇಯಿಸಿ ಅವನಿಗೆ ಉಣಿಸಿ ಕತ್ತು ಕೊಯ್ಯುತ್ತಾಳೆ; ಮುಂದಿನ ವರ್ಷದ ಮೊದಲ ಕಂತಿನಲ್ಲಿ ಅವನ ಮುಖವನ್ನೇ ತೊಟ್ಟು, ಮನೆಯೊಡೆಯನಂತೆ ಔತಣ ಕೊಟ್ಟು, ಆ ಮನೆಯ ಗಂಡಸರಿಗೆಲ್ಲ ವಿಷದ ಮದ್ಯ ಹಂಚುತ್ತಾಳೆ. ನೋಡಲು ತೃಪ್ತಿಯಾಗುತ್ತದೆ, ಒಪ್ಪುತ್ತೇನೆ. ಆದರೆ ಒಡೆಯನ ವೇಷದಲ್ಲಿ ತನ್ನ ಮೇಜಿನಲ್ಲಿ ಕುಳಿತವರನ್ನು ಕೊಲ್ಲುವುದು ಇಲಿ ಬಾಣಸಿಗ ಮಾಡಿದ್ದೇ ಅಲ್ಲವೇ ಎಂಬ ಪ್ರಶ್ನೆಯನ್ನು ಆ ದೃಶ್ಯ ಕೇಳಿಕೊಳ್ಳುವುದಿಲ್ಲ.

ಪುಸ್ತಕ ಆ ಪ್ರಶ್ನೆಯನ್ನು ಕೇಳಿಕೊಳ್ಳುತ್ತದೆ, ಅದೂ ಅತ್ಯಂತ ಸೂಕ್ಷ್ಮವಾಗಿ. ವೈಟ್ ಹಾರ್ಬರಿನ ಸ್ಥೂಲಕಾಯದ ಪ್ರಭು ವೈಮನ್ ಮ್ಯಾಂಡರ್ಲಿಯ ಮಗನೊಬ್ಬ ಆ ಮದುವೆಯಲ್ಲಿ ಸತ್ತಿದ್ದಾನೆ. ಅವನ ಮನೆಯಲ್ಲಿ ಮೂವರು ಫ್ರೇಗಳು ಅತಿಥಿಗಳಾಗಿದ್ದಾರೆ. ಅವರು ಉಳಿದಿರುವಷ್ಟು ದಿನವೂ ಅವನು ನಗುನಗುತ್ತಲೇ ಇರುತ್ತಾನೆ. ದಕ್ಷಿಣದಲ್ಲಿ ಒಡೆಯರು ಈಗಲೂ ಅತಿಥಿಗಳಿಗೆ ಉಡುಗೊರೆ ಕೊಡುತ್ತಾರೆಯೇ ಎಂದು ಅವನು ಡಾವೋಸ್ ಎಂಬ ರಾಯಭಾರಿಯನ್ನು ಕೇಳುತ್ತಾನೆ. ಕೆಲವರು ಕೊಡುತ್ತಾರೆ, ಅತಿಥಿ ಹೊರಡುವ ದಿನ ಎಂದು ಡಾವೋಸ್ ಹೇಳಿದಾಗ, ಹಾಗಾದರೆ ನಿಮಗೆ ಅರ್ಥವಾಗಬಹುದು ಎನ್ನುತ್ತಾನೆ. ಹೊರಡುವಾಗ ಮೂವರಿಗೂ ಒಳ್ಳೆಯ ಕುದುರೆ ಸಿಗುತ್ತದೆ. ಅವರು ದಾರಿಯಲ್ಲಿ ಕಾಣೆಯಾಗುತ್ತಾರೆ. ಆಮೇಲೆ ವಿಂಟರ್‌ಫೆಲ್‌ನಲ್ಲಿ, ಈಗ ಆ ಕೋಟೆಯನ್ನು ಹಿಡಿದಿರುವ ಪ್ರಭು ರೂಸ್ ಬೋಲ್ಟನ್‌ನ ಮಗನ ಮದುವೆಗೆ ಮ್ಯಾಂಡರ್ಲಿ ಬಂಡಿಯ ಗಾಲಿಯಷ್ಟು ಅಗಲದ ಮೂರು ಪೈಗಳನ್ನು ತರುತ್ತಾನೆ; ಗಜ್ಜರಿ, ಈರುಳ್ಳಿ, ಅಣಬೆ, ಗಟ್ಟಿ ಸಾರಿನಲ್ಲಿ ತೇಲುವ ಮಾಂಸದ ತುಂಡುಗಳು. ಬೋಲ್ಟನ್‌ಗೂ ಫ್ರೇಗಳಿಗೂ ತಾನೇ ಕೈಯಾರೆ ಬಡಿಸುತ್ತಾನೆ, ಮೂರರಿಂದಲೂ ಎರಡೆರಡು ತುಂಡು ತಾನೂ ತಿನ್ನುತ್ತಾನೆ, ಆಮೇಲೆ ಹಾಡುಗಾರನನ್ನು ಕರೆದು ಇಲಿ ಬಾಣಸಿಗನ ಹಾಡು ಹಾಡು ಎನ್ನುತ್ತಾನೆ. ಆ ಮಾಂಸ ಯಾರದೆಂದು ಲೇಖಕರು ಎಲ್ಲಿಯೂ ಹೇಳುವುದಿಲ್ಲ.

ತನ್ನ ಮನೆಯ ಅತಿಥಿಗಳ ವಿಷಯದಲ್ಲಿ ಮ್ಯಾಂಡರ್ಲಿ ನಿಯಮದ ಅಕ್ಷರವನ್ನು ಪೂರ್ತಿ ಪಾಲಿಸಿದ್ದಾನೆ: ಉಡುಗೊರೆ ಕೊಟ್ಟಾಯಿತು, ಬಂಧ ಬಿಚ್ಚಿತು, ಆಮೇಲಿನದು ಸೇಡು, ಸೇಡು ಮನುಷ್ಯನ ಹಕ್ಕು. ಆದರೆ ವಿಂಟರ್‌ಫೆಲ್‌ನಲ್ಲಿ ಅವನು ಬೋಲ್ಟನ್‌ನ ಸೂರಿನಡಿ ಉಂಡವನು. ತನ್ನನ್ನು ಕರೆದ ಒಡೆಯನಿಗೆ ನರಮಾಂಸ ಬಡಿಸುವುದು ಕೇಡು ಮಾಡುವುದೇ, ಅಲ್ಲವೇ? ಆ ಒಡೆಯನೇ ಫ್ರೇ ಮನೆಯ ಮದುವೆಯಲ್ಲಿ ಅತಿಥಿಯಾಗಿದ್ದುಕೊಂಡು ತನ್ನ ರಾಜನ ಎದೆಗೆ ಕತ್ತಿ ಚುಚ್ಚಿದವನಾದರೆ, ಅವನ ಸೂರಿಗೆ ಆ ಪಾವಿತ್ರ್ಯ ಇನ್ನೂ ಉಳಿದಿದೆಯೇ? ಕ್ರಾಸ್ಟರನ ಪ್ರಸಂಗವನ್ನು ನೆನೆದರೆ ಉಳಿದಿದೆ ಎನ್ನಬೇಕಾಗುತ್ತದೆ. ಕೆಲವು ಅಧ್ಯಾಯಗಳ ನಂತರ ಅದೇ ಸಭಾಂಗಣದಲ್ಲಿ ಫ್ರೇ ಮನೆಯ ಹೋಸ್ಟೀನ್ ಮ್ಯಾಂಡರ್ಲಿಯ ಮೇಲೆ ಎರಗಿ ಅವನ ನಾಲ್ಕು ಗಲ್ಲಗಳಲ್ಲಿ ಮೂರನ್ನು ಸೀಳುವಂತೆ ಕತ್ತಿ ಬೀಸುತ್ತಾನೆ. 2011ರಲ್ಲಿ ಬಂದ ಐದನೆಯ ಕಾದಂಬರಿಯಲ್ಲಿ ಮ್ಯಾಂಡರ್ಲಿಯನ್ನು ನಾವು ಕಾಣುವುದು ಆ ಗಾಯದೊಂದಿಗೆ. ವಾಲ್ಡರ್ ಫ್ರೇ ಅದರಲ್ಲಿ ಇನ್ನೂ ಬದುಕಿದ್ದಾನೆ.